ಸುಡದ ಮಣ್ಣಿನ ತೊಟ್ಟಿಲು

ಆ ಕಲಾ ಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಬಾಗಿಲು ಕಾಯುವವನಿಗೂ ಅತ್ತೆ, ಟಿಕೆಟ್ ಹರಿಯುವವಳಿಗೂ ಅತ್ತೆ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ನಿರ್ದೇಶಕರು ಕೂಡ ಒಂದು ದಿನ ಬಾಯಿ ತಪ್ಪಿ "ಅತ್ತೇನ ಕಳಿಸ್ರೀ" ಅಂದುಬಿಟ್ಟರು. ಪಕ್ಕದವರು ಮುಸಿಮುಸಿ ನಕ್ಕರು. ನಿರ್ದೇಶಕರು ಮಾತನ್ನು ವಾಪಸು ತೆಗೆದುಕೊಳ್ಳುವ ಬದಲು ಅದನ್ನೇ ರೂಢಿ ಮಾಡಿಕೊಂಡರು. ಕಾರಣ ಇಷ್ಟೇ: ಅವಳ ಜೊತೆಗೂಡಿ ಭಾರ ಹೊರುತ್ತಿದ್ದವಳು ಅವಳ ಸ್ವಂತ ಸೊಸೆ. ಚಿತ್ರವಿರಲಿ, ಗಾಜಿನ ಪೆಟ್ಟಿಗೆ ಇರಲಿ, ಕಲ್ಲಿನ ತಲೆ ಇರಲಿ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಬೇಕಾದರೆ ಈ ಇಬ್ಬರ ಕೈಯಲ್ಲೇ ಹೋಗಬೇಕು.

ಅತ್ತೆ-ಸೊಸೆ ಒಂದೇ ಹಲಗೆಯ ಎರಡು ತುದಿ ಹಿಡಿದರೆ ನಡುವೆ ಇರುವ ಸಾಮಾನಿನ ಗತಿ ಏನು ಎಂದು ಮೊದಮೊದಲು ಜನ ಗೇಲಿ ಮಾಡಿದ್ದುಂಟು. ಗೇಲಿಗೆ ಆಧಾರವೂ ಇತ್ತು. ಮನೆಯಲ್ಲಿ ಇಬ್ಬರೂ ಒದ್ದೆ ಬಟ್ಟೆ ಎಲ್ಲಿ ಒಣಗಿಸಬೇಕು ಎಂಬುದಕ್ಕೆ ಬೆಳಗ್ಗೆ ಶುರುಮಾಡಿದ ವಾದವನ್ನು ಬಟ್ಟೆ ಒಣಗಿದ ಮೇಲೂ ಬಿಡುತ್ತಿರಲಿಲ್ಲ. ನಡುವೆ ಸಿಕ್ಕಿಕೊಂಡ ಮಗ, ಬಸ್ಸು ಓಡಿಸುವವನು, ರಸ್ತೆಯಲ್ಲೇ ಹೆಚ್ಚು ನೆಮ್ಮದಿ ಅನ್ನುತ್ತಿದ್ದ. ಆದರೆ ಭಾರ ಎತ್ತಿದ ಕ್ಷಣಕ್ಕೆ ಇಬ್ಬರ ಜಗಳವೂ ಬಂದ್. ಆಗ ಬಾಯಿಂದ ಬರುವುದು ಕೆಲಸದ ಮಾತು ಮಾತ್ರ. ಹಿಂದುಹಿಂದಕ್ಕೆ ನಡೆಯುವವಳಿಗೆ ಎದುರಿನವಳು ದಾರಿ ಹೇಳಬೇಕು. "ಹೊಸಿಲು." "ಎಡಕ್ಕೆ." "ಮೆಟ್ಟಿಲು." "ಇನ್ನೊಂದು." ಅಷ್ಟೇ.

ಅವರ ಕೆಲಸದಲ್ಲಿ ಬಲು ಹಳೆಯ ಕಟ್ಟಳೆಯೊಂದಿತ್ತು. ಹೊತ್ತ ಇಬ್ಬರಲ್ಲಿ ಯಾರಾದರೂ ಒಬ್ಬರು "ಇಳಿಸು" ಅಂದರೆ ಇನ್ನೊಬ್ಬರು ಇಳಿಸಲೇಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಸೀನು ಬಂದಿರಲಿ, ಬೆವರು ಕಣ್ಣಿಗೆ ಇಳಿದಿರಲಿ, ಸುಮ್ಮನೆ ಹೆದರಿಕೆಯೇ ಆಗಿರಲಿ, ಮೊದಲು ಇಳಿಸು, ಆಮೇಲೆ ಮಾತು. ಸೊಸೆ ಬೇಕಾದಷ್ಟು ಸಲ ಹಾಗೆ ಅಂದಿದ್ದಳು. ಅತ್ತೆ ಮಾತ್ರ ಈ ಕೆಲಸಕ್ಕೆ ಬಂದಾಗಿನಿಂದ ಒಂದು ಸಲವೂ ಅಂದವಳಲ್ಲ. ಅದು ಅವಳ ಜಂಬ. ಸೊಸೆಯನ್ನು ಕಿಚಾಯಿಸುವುದಕ್ಕೂ ಅದೇ ಅಸ್ತ್ರ. "ನಿನ್ನ ಬಾಯಲ್ಲಿ ಇಳಿಸು ಅನ್ನೋದು ಆಕಳಿಕೆ ಥರ ಕಣೇ, ಬರ್ತಾನೇ ಇರುತ್ತೆ" ಅನ್ನುವಳು.

ಜಂಬ ಪಡುವ ಹಕ್ಕು ಅವಳಿಗಿತ್ತು ಅನ್ನಿ. ಹುಡುಗಿಯಾಗಿದ್ದಾಗ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತವಳು. ಗಂಡ ಸತ್ತ ಮೇಲೆ ಸಂಗ್ರಹಾಲಯಕ್ಕೆ ನೆಲ ಒರೆಸಲು ಬಂದಳು. ಉಗ್ರಾಣದ ಮೇಸ್ತ್ರಿ ಒಂದು ದಿನ ನೋಡುತ್ತಾರೆ, ಇವಳು ನೆಲ ಒರೆಸುವುದಕ್ಕೆ ಅಡ್ಡವಾಯಿತೆಂದು ಗಾಜಿನ ಬೀರುವೊಂದನ್ನು ಒಬ್ಬಳೇ ಸರಿಸಿದ್ದಾಳೆ, ಒಳಗಿದ್ದ ಪಿಂಗಾಣಿ ಒಂದೂ ಅಲುಗಿಲ್ಲ. ಬೈಯಬೇಕೋ ಹೊಗಳಬೇಕೋ ತಿಳಿಯದೆ ಅವರು ಮರುದಿನದಿಂದ ಅವಳ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡು ಭಾರ ಹೊರುವ ಕೆಲಸ ಕೊಟ್ಟರು. ಮುಂದೆ ಮಗನ ಮದುವೆಯಾಯಿತು. ಸೊಸೆ ಬಾಟಲಿ ಕಾರ್ಖಾನೆಯಲ್ಲಿ ಗಾಜು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದವಳು. "ಗಾಜು ಹಿಡಿದ ಕೈ, ನಡಿ ನನ್ನ ಜೊತೆ" ಎಂದು ಅವಳನ್ನೂ ಎಳೆದುಕೊಂಡು ಬಂದಳು.

ಹೀಗಿದ್ದ ಅತ್ತೆಯ ಕೈಗೆ ಏನೋ ಆಯಿತು.

ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗಲಿಲ್ಲ. ಆಮೇಲೊಂದು ದಿನ ಇರುವೆ ಹರಿಯುವುದೂ ನಿಂತಿತು. ವಾಸಿಯಾಯಿತು ಎಂದುಕೊಂಡಳು, ಪಾಪ. ಬೆಳಗ್ಗೆ ಅಡುಗೆಮನೆಯಲ್ಲಿ ಒಲೆಯ ಮೇಲಿನ ಪಾತ್ರೆ ಇಳಿಸುತ್ತಿದ್ದಾಗ ಏನೋ ಸೀದ ವಾಸನೆ ಬಂತು. ಹಾಲು ಉಕ್ಕಿತೇನೋ ಎಂದು ನೋಡಿದಳು. ಹಾಲು ನೆಟ್ಟಗೇ ಇತ್ತು. ಸೀಯುತ್ತಿದ್ದದ್ದು ಅವಳ ಬೆರಳು.

"ಅತ್ತೆ, ಕೈ!" ಎಂದು ಸೊಸೆ ಕಿರುಚಿದಳು.

"ನಂದು ಹಳೇ ಕೈ ಕಣೇ, ಅಷ್ಟು ಸುಲಭಕ್ಕೆ ಸುಡಲ್ಲ" ಎಂದು ಅತ್ತೆ ನಕ್ಕು, ತಣ್ಣೀರಿನ ನಲ್ಲಿ ಕೆಳಗೆ ಕೈ ಹಿಡಿದಳು. ನೀರು ಬೀಳುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯಲಿಲ್ಲ. ಸೊಸೆ ಇನ್ನೂ ನೋಡುತ್ತಲೇ ಇದ್ದಳು. ಅತ್ತೆ ಅವಳಿಗೆ ಬೆನ್ನು ಮಾಡಿ ನಿಂತಳು.

ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದಳು. ಡಾಕ್ಟರಮ್ಮ ಸೂಜಿಯಿಂದ ಬೆರಳುಗಳನ್ನು ಒಂದೊಂದಾಗಿ ಚುಚ್ಚಿದಳು, "ಗೊತ್ತಾಗುತ್ತಾ? ಈಗ? ಈಗ?" ಎಂದಳು. ವರ್ಷಗಟ್ಟಲೆ ಬಿಗಿಹಿಡಿದು ಹಿಡಿದು ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ ಎಂದಳು. ತಡವಾಗಿ ಬಂದಿದ್ದೀರಿ, ಆಪರೇಷನ್ ಮಾಡಿದರೂ ಪೂರ್ತಿ ವಾಪಸು ಬರುತ್ತದೆ ಅನ್ನಲಾರೆ, ಭಾರ ಎತ್ತುವುದನ್ನು ಇವತ್ತೇ ನಿಲ್ಲಿಸಿ ಎಂದಳು. ಅತ್ತೆ ಗೋಣು ಆಡಿಸಿದಳು. ಹೊರಗೆ ಬಂದು, ಬಸ್‌ ಸ್ಟಾಪಿನಲ್ಲಿ ನಿಂತು, ಬಂದ ಬಸ್ಸನ್ನು ಹತ್ತದೆ ಬಿಟ್ಟಳು. ಆ ಬಸ್ಸು ಮಗನದಾಗಿದ್ದರೆ ಏನು ಹೇಳಲಿ ಎಂಬ ಭಯಕ್ಕೆ.

ಆಮೇಲೆ ಶುರುವಾಯಿತು ಕಳ್ಳಾಟ. ಕೈಯಲ್ಲಿ ಏನು ಹಿಡಿದರೂ ಕಣ್ಣು ಅಲ್ಲೇ ಇರಬೇಕು. ಕಣ್ಣು ತೆಗೆದರೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ಗೊತ್ತಾಗುವುದಿಲ್ಲ. ಚಹಾ ಕುಡಿಯುವಾಗ ಲೋಟವನ್ನೇ ದಿಟ್ಟಿಸುವಳು. "ಅದರಲ್ಲೇನು ನೊಣ ಬಿದ್ದಿದೆಯಾ?" ಎಂದು ಮಗ ಕೇಳಿದ. ಕೆಲಸದಲ್ಲೂ ಒಂದು ಚೌಕಟ್ಟು ಸದ್ದಿಲ್ಲದೆ ಜಾರಿ, ಮೊಣಕಾಲು ಅಡ್ಡ ಬಂದದ್ದರಿಂದ ಉಳಿಯಿತು. ಹೇಳಿಬಿಡಬೇಕು ಎಂದು ದಿನಾ ಬೆಳಗ್ಗೆ ಅಂದುಕೊಳ್ಳುವಳು. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಮನೆಯಲ್ಲಿ ಕೂರಬೇಕು, ಗೋಡೆ ನೋಡಬೇಕು, ಸೊಸೆ ಇನ್ಯಾರ ಜೊತೆಗೋ ಹಲಗೆ ಹಿಡಿಯುತ್ತಾಳೆ. ಬಾಯಿಗೆ ಬಂದದ್ದನ್ನು ಉಗುಳಿನ ಜೊತೆ ನುಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಡುವಳು.

ಸಂಗ್ರಹಾಲಯಕ್ಕೆ ಹೊಸ ಮೇಡಂ ಬಂದದ್ದು ಅದೇ ಸಮಯಕ್ಕೆ. ಪ್ರದರ್ಶನಗಳ ಜವಾಬ್ದಾರಿ ಅವರದ್ದು. ಬಂದವರೇ ನೆಲಮಾಳಿಗೆಗೆ ಇಳಿದು ಕಪಾಟುಗಳನ್ನೆಲ್ಲ ತೆಗೆಸಿದರು. ಅಲ್ಲಿ ಹೆಂಗಸರು ಮಾಡಿದ ಕೃತಿಗಳು ರಾಶಿ ಇದ್ದವು. ಸಂಗ್ರಹಾಲಯ ಕೊಂಡದ್ದೇನೋ ನಿಜ, ಕೊಂಡ ಮೇಲೆ ಮೇಲಕ್ಕೆ ಹತ್ತಿಸಿರಲಿಲ್ಲ. ಮೇಲಿನ ಗೋಡೆಗಳೆಲ್ಲ ಗಂಡಸರ ದೊಡ್ಡ ದೊಡ್ಡ ಚಿತ್ರಗಳಿಗೆ ಮೀಸಲಾಗಿದ್ದವು. ಇವುಗಳ ಸರದಿ ಬಂದಾಗಲೆಲ್ಲ "ಮುಂದಿನ ಸಲ ನೋಡೋಣ" ಎಂಬ ಮಾತು ಬರುತ್ತಿತ್ತು. ಗೋಡೆಗೆ ನೀರು ಜಿನುಗಿದಾಗ ಈ ಕಪಾಟಿನಿಂದ ಆ ಕಪಾಟಿಗೆ, ಸುಣ್ಣ ಬಳಿಯುವಾಗ ಆ ಮೂಲೆಯಿಂದ ಈ ಮೂಲೆಗೆ, ಅಷ್ಟೇ ಅವುಗಳ ತಿರುಗಾಟ. ಆ ತಿರುಗಾಟ ಮಾಡಿಸಿದವಳು ಅತ್ತೆ. ಕೆಲಸದ ಸಮವಸ್ತ್ರಗಳನ್ನು ಕತ್ತರಿಸಿ ಹೊಲಿದ ಕಂಬಳಿ, ಹಿಟ್ಟಿನ ಚೀಲದ ಬಟ್ಟೆಯ ಮೇಲೆ ಬರೆದ ಪುಟ್ಟ ಪುಟ್ಟ ಚಿತ್ರಗಳು, ಹತ್ತಿರ ಹೋದರೆ ಕೂದಲು ಹಿಡಿದು ಎಳೆಯುವ ತಂತಿಯ ಬಲೆ, ಎಲ್ಲವೂ ಅವಳಿಗೆ ನೆರೆಮನೆಯವರಷ್ಟು ಪರಿಚಯ. ಮಾಡಿದವರ ಹೆಸರು ಗೊತ್ತಿರಲಿಲ್ಲ, ಯಾವುದರ ತೂಕ ಎಷ್ಟೆಂದು ಗೊತ್ತಿತ್ತು.

"ಎಲ್ಲವೂ ಮೇಲೆ ಬರಬೇಕು. ಇಡೀ ಮೇಲಿನ ಹಜಾರ ಈ ಹೆಂಗಸರದ್ದೇ" ಎಂದರು ಮೇಡಂ.

ಅತ್ತೆಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಆ ಎಲ್ಲದರಲ್ಲಿ ತೊಟ್ಟಿಲೂ ಒಂದಾಗಿತ್ತು.

ಮಣ್ಣಿನ ತೊಟ್ಟಿಲು. ನಿಜವಾದ ತೊಟ್ಟಿಲಷ್ಟೇ ದೊಡ್ಡದು, ಮೈತುಂಬ ಬೆರಳೊತ್ತಿದ ಗುರುತು. ಮಾಡಿದವಳು ಆಗ ಎಳೆಯ ಪ್ರಾಯದವಳು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಅಡುಗೆಮನೆಯ ನೆಲದ ಮೇಲೇ ಅದನ್ನು ಕಟ್ಟಿದ್ದಳಂತೆ. ಸುಡುವುದಕ್ಕೆ ಕುಂಬಾರರ ದೊಡ್ಡ ಗೂಡು ಬೇಕು. ಗೂಡಿನ ಯಜಮಾನ "ಹೆಂಗಸರ ಆಟಿಕೆಗೆಲ್ಲ ಜಾಗ ಇಲ್ಲ" ಎಂದನಂತೆ. ಹಾಗಾಗಿ ಅದು ಸುಡದೆ ಒಣಗಿತು. ನೀರು ತಾಗಿದರೆ ಕರಗುತ್ತದೆ, ನಡುಗಿದರೆ ಉದುರುತ್ತದೆ. ತಳ್ಳುಗಾಡಿಯ ಮೇಲೆ ಇಟ್ಟರೆ ಚಕ್ರದ ಕುಲುಕಾಟಕ್ಕೇ ಬಿರುಕು ಬಿಟ್ಟೀತು. ಲಿಫ್ಟು ನಿಲ್ಲುವಾಗ ಎಗರುತ್ತದೆ. ಉಳಿದದ್ದು ಒಂದೇ ದಾರಿ, ಹಲಗೆಯ ಮೇಲೆ ಇಟ್ಟು ಮನುಷ್ಯರು ಹೊತ್ತು ಮೆಟ್ಟಿಲು ಹತ್ತುವುದು.

"ಇದಕ್ಕೆ ಅತ್ತೆ-ಸೊಸೇನೇ ಸರಿ" ಎಂದರು ಮೇಸ್ತ್ರಿ. "ಅತ್ತೆ ಕೈಯಿಂದ ಇದುವರೆಗೆ ಒಂದು ಚೂರು ಬಿದ್ದಿಲ್ಲ ಮೇಡಂ."

ಆ ಹೊಗಳಿಕೆ ಅತ್ತೆಯ ಕಿವಿಗೆ ಬೈಗುಳದ ಹಾಗೆ ಬಿತ್ತು. ಈಗ ಹೇಳು, ಈಗಲಾದರೂ ಬಾಯಿ ಬಿಡು ಎಂದು ತನಗೆ ತಾನೇ ಹೇಳಿಕೊಂಡಳು. ಬಾಯಿ ಬಿಟ್ಟಳು. ಬಂದದ್ದು "ಮೆಟ್ಟಿಲ ಮೇಲೆ ಯಾರೂ ಅಡ್ಡ ಬರದ ಹಾಗೆ ನೋಡ್ಕೊಳ್ಳಿ" ಎಂಬ ಮಾತು.

ಹೊರುವ ದಿನ ಇನ್ನೊಂದು ಸುದ್ದಿ ಬಂತು. ತೊಟ್ಟಿಲು ಮಾಡಿದ ಹೆಂಗಸು ಇನ್ನೂ ಇದ್ದಾಳೆ, ಇವತ್ತೇ ಬಂದಿದ್ದಾಳೆ, ಮೇಲೆ ಕಾಯುತ್ತಿದ್ದಾಳೆ. ಅತ್ತೆ ನೆಲಮಾಳಿಗೆಯ ಬಾಗಿಲಿಂದ ಕತ್ತೆತ್ತಿ ನೋಡಿದಳು. ಮೆಟ್ಟಿಲುಗಳ ತುದಿಯಲ್ಲಿ ಕೋಲೂರಿಕೊಂಡ ಒಬ್ಬ ಸಣಕಲು ಮುದುಕಿ. ಪಕ್ಕದಲ್ಲಿ ಮೇಡಂ ಏನನ್ನೋ ಅವಳ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳುತ್ತಿದ್ದರು. ಅಜ್ಜಿಗೆ ಕಿವಿ ಮಂದ. ಕಣ್ಣು ಮಾತ್ರ ನೆಟ್ಟಗೆ ಕೆಳಗೇ ಇತ್ತು.

"ಅತ್ತೆ, ಬೆವರ್ತಾ ಇದೀರಿ" ಎಂದಳು ಸೊಸೆ.

"ಸೆಖೆ."

"ಎಲ್ಲಿದೆ ಸೆಖೆ?"

"ನೀನು ನಿನ್ನ ತುದಿ ಹಿಡಿ."

ಎತ್ತಿದರು. ಸೊಸೆ ಮುಂದೆ, ಹಿಂದುಹಿಂದಕ್ಕೆ ಮೆಟ್ಟಿಲು ಹತ್ತುವವಳು. ಅತ್ತೆ ಕೆಳಗಿನ ತುದಿಗೆ, ಭಾರದ ಕಡೆಗೆ. ಹಲಗೆ ಸಮವಾಗಿರಬೇಕಾದರೆ ಕೆಳಗಿರುವವಳು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಮೇಲಿರುವವಳು ಬಗ್ಗಿ ಹಿಡಿಯಬೇಕು. "ಮೆಟ್ಟಿಲು" ಎಂದಳು ಅತ್ತೆ. ಸೊಸೆಯ ಹಿಮ್ಮಡಿ ಹಿಂದಕ್ಕೆ ತಡಕಿ ಮೆಟ್ಟಿಲನ್ನು ಕಂಡುಕೊಂಡಿತು. "ಇನ್ನೊಂದು." "ಇನ್ನೊಂದು."

ಅರ್ಧ ದಾರಿಯಾಗಿರಬೇಕು. ಆಗ ಅತ್ತೆಗೆ ಅರ್ಥವಾಯಿತು, ತಾನೊಂದು ಲೆಕ್ಕ ತಪ್ಪಿದ್ದೇನೆ ಎಂದು. ಸಮತಟ್ಟು ನೆಲದ ಮೇಲೆ ಕೈ ನೋಡಿಕೊಂಡೇ ನಡೆದುಬಿಡಬಹುದಿತ್ತು. ಇಲ್ಲಿ ಕಣ್ಣು ಸೊಸೆಯ ಕಾಲಿನ ಮೇಲಿರಬೇಕು. ಕಣ್ಣು ಅಲ್ಲಿಟ್ಟರೆ ತನ್ನ ಬೆರಳುಗಳು ಹಲಗೆಯನ್ನು ಹಿಡಿದಿವೆಯೋ ಇಲ್ಲವೋ ತಿಳಿಯದು. ಬೆರಳು ನೋಡಿದರೆ ಸೊಸೆ ಕುರುಡಿಯ ಹಾಗೆ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಇರುವುದು ಒಂದು ಜೊತೆ ಕಣ್ಣು.

ಒಂದು ಸಲ ಕೆಳಗೆ ನೋಡಿದಳು. ಬಲಗೈಯ ಬೆರಳುಗಳು ಅರ್ಧ ಬಿಚ್ಚಿಕೊಂಡಿದ್ದವು. ಅವಳು ಬಿಚ್ಚಿರಲಿಲ್ಲ. ತಾವಾಗಿ ಬಿಚ್ಚಿಕೊಂಡಿದ್ದವು. ಬಿಗಿ ಹಿಡಿದಳು. ಹಿಡಿದಂತೆ ಕಂಡಿತು, ಹಿಡಿದಂತೆ ಅನ್ನಿಸಲಿಲ್ಲ.

"ಅತ್ತೆ? ಮೆಟ್ಟಿಲು?" ಎಂದಳು ಸೊಸೆ, ಒಂದು ಕಾಲು ಗಾಳಿಯಲ್ಲಿ.

"ಹಾಂ, ಮೆಟ್ಟಿಲು. ಮೆಟ್ಟಿಲು." ಧ್ವನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ. ಹಲಗೆ ಒಂದಿಷ್ಟು ವಾಲಿತು. ತೊಟ್ಟಿಲಿನ ಅಂಚಿನಿಂದ ಕಡಲೆಕಾಳಿನಷ್ಟು ಮಣ್ಣು ಉದುರಿ, ಕಲ್ಲಿನ ಮೆಟ್ಟಿಲ ಮೇಲೆ ಟಕ್ಕೆಂದಿತು. ಆ ಸದ್ದು ಅವಳ ನೆತ್ತಿಗೆ ಬಡಿಯಿತು. ಮೇಲಿನ ಅಜ್ಜಿ ಕೋಲನ್ನು ಬಿಟ್ಟು ಎರಡೂ ಕೈಯಿಂದ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದುಕೊಂಡಳು. ಇನ್ನೆರಡು ಮೆಟ್ಟಿಲು ಹತ್ತಿಬಿಡೋಣ ಎಂದುಕೊಂಡಳು ಅತ್ತೆ. ಇನ್ನೆರಡು ಹತ್ತಿದರೆ ಇನ್ನೆರಡು. ಹೀಗೆ ಹೇಗೋ ಮುಗಿದುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ ಬೆರಳು ನೋಡಿದಳು. ಮತ್ತೆ ಬಿಚ್ಚಿಕೊಳ್ಳುತ್ತಿದ್ದವು.

"ಇಳಿಸು" ಎಂದಳು.

ಸೊಸೆಯ ಮುಖ ಬಿಳಿಚಿಕೊಂಡಿತು. ಅತ್ತೆಯ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದೇ ಇಲ್ಲ. ಆದರೂ ಒಂದು ಪ್ರಶ್ನೆ ಕೇಳದೆ, ನಿಂತಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ತನ್ನ ತುದಿಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಕೆಳಗಿನ ತುದಿಗೆ ಇಳಿಸಲು ಜಾಗವೇ ಇರಲಿಲ್ಲ. ಅತ್ತೆ ಮಂಡಿಯೂರಿ ಎರಡು ಮುಂಗೈಗಳನ್ನೂ ಹಲಗೆಯ ಅಡಿಗೆ ತೂರಿಸಿದಳು. ಅಲ್ಲಿ ಚರ್ಮಕ್ಕೆ ಇನ್ನೂ ಜೀವವಿತ್ತು. ಭಾರ ಬಂದು ಕೂತದ್ದು ಗೊತ್ತಾಯಿತು. ಮರದ ಸಿಬಿರು ಚುಚ್ಚಿದ್ದು ಗೊತ್ತಾಯಿತು. ನೋವಾದದ್ದಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ.

"ಯಾಕೆ? ಏನಾಯ್ತು?" ಎಂದು ಮೇಲಿನಿಂದ ಮೇಡಂ ಕೂಗಿದರು.

"ಇಳಿಸೋವಾಗ ಕೇಳ್ಬಾರ್ದು ಮೇಡಂ" ಎಂದು ಸೊಸೆ ತಿರುಗಿ ನೋಡದೆ ಗದರಿದಳು.

ಕೇಳದಿದ್ದರೂ ಈಗ ಹೇಳಲೇಬೇಕಿತ್ತು. ಹೇಳದೆ ಇನ್ನೊಬ್ಬರು ಬಂದು ಈ ತುದಿ ಹಿಡಿಯುವಂತಿಲ್ಲ. "ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ ಕಣೇ" ಎಂದಳು ಅತ್ತೆ. ಮೆಲ್ಲಗೆ ಹೇಳಿದ್ದು, ಮೆಟ್ಟಿಲ ಗೋಡೆಗಳು ಅದನ್ನು ದೊಡ್ಡದು ಮಾಡಿದವು. "ತುಂಬಾ ದಿನ ಆಯ್ತು. ಹಿಡಿದಿದೀನೋ ಬಿಟ್ಟಿದೀನೋ ಗೊತ್ತಾಗಲ್ಲ. ಯಾರನ್ನಾದ್ರೂ ಕರಿ, ಬೇಗ."

ಕೆಳಗಿನಿಂದ ಸಂಗ್ರಹಾಲಯದ ಬಡಗಿ ಓಡಿ ಬಂದ. ಅತ್ತೆಯ ಮುಂಗೈಯ ಅಡಿಯಿಂದ ಹಲಗೆಯನ್ನು ತನ್ನ ಕೈಗೆ ತೆಗೆದುಕೊಂಡ. ಅವನು ಗಟ್ಟಿಯಾಳೇ, ಆದರೆ ದಾರಿ ಹೇಳುವ ಅಭ್ಯಾಸವಿಲ್ಲ. ಅವನ ಭುಜದ ಪಕ್ಕ ನಿಂತು ಅತ್ತೆಯೇ ಕೊನೆಯವರೆಗೂ ಹೇಳಿದಳು. ಈಗ ಕಣ್ಣು ಸೊಸೆಯ ಕಾಲಿನ ಮೇಲೆ ಮಾತ್ರ ಇತ್ತು.

ಹಜಾರದ ನಡುವಿನ ಕಟ್ಟೆಯ ಮೇಲೆ ತೊಟ್ಟಿಲು ಕೂತಿತು. ಮೇಡಂ ಉದುರಿದ ಮಣ್ಣಿನ ಕಾಳನ್ನು ಕಾಗದದಲ್ಲಿ ಎತ್ತಿಕೊಂಡು ಬಂದರು, ಬೈಯಲಿಲ್ಲ. ಮೇಸ್ತ್ರಿ ತಮ್ಮ ಅಂಗೈಯನ್ನೇ ನೋಡುತ್ತ ಒಂದು ಮೂಲೆಯಲ್ಲಿ ನಿಂತರು. ಅತ್ತೆ ಗೋಡೆಗೆ ಒರಗಿದಳು. ಸೊಸೆ ಬಂದು ಪಕ್ಕದಲ್ಲಿ ಒರಗಿದಳು.

"ಕೈ ಸುಟ್ಕೊಂಡ ದಿನಾನೇ ಅನುಮಾನ ಬಂದಿತ್ತು" ಎಂದಳು ಸೊಸೆ. "ಕೇಳೋಕೆ ಭಯ ಆಯ್ತು. ಹೌದು ಅಂದ್ಬಿಟ್ರೆ ಏನು ಮಾಡ್ಲಿ ಅಂತ."

"ಗೊತ್ತಿದ್ದೂ ಹಿಂದೆ ಹಿಂದೆ ಹೆಜ್ಜೆ ಇಟ್ಯಾ? ತಲೆ ಇದೆಯಾ ನಿಂಗೆ?"

"ನಿಮಗಿದ್ಯಾ?"



ಅಷ್ಟರಲ್ಲಿ ಅಜ್ಜಿ ತೊಟ್ಟಿಲನ್ನು ಒಂದು ಸುತ್ತು ಬಂದಾಗಿತ್ತು. ಮೆಟ್ಟಿಲ ಮೇಲೆ ನಡೆದದ್ದನ್ನು ನೋಡಿದ್ದಳು, ಆಡಿದ ಮಾತು ಅವಳ ಮಂದ ಕಿವಿಗೆ ಮುಟ್ಟಿರಲಿಲ್ಲ. "ಇದನ್ನ ಹೊತ್ತವರು ಯಾರು?" ಎಂದು ಕಿವುಡರು ಮಾತಾಡುವಷ್ಟು ಜೋರಾಗಿ ಕೇಳಿದಳು. ಮೇಡಂ ಅತ್ತೆ-ಸೊಸೆಯರ ಕಡೆ ಕೈ ತೋರಿಸಿ, ಕೆಳಗೆ ಇಷ್ಟು ವರ್ಷ ಇದನ್ನು ನೋಡಿಕೊಂಡವಳೂ ಈ ಅತ್ತೆಯೇ ಎಂದು ಅವಳ ಕಿವಿಗೆ ಕೂಗಿದರು. ಅಜ್ಜಿ ನೇರವಾಗಿ ಬಂದು ಅತ್ತೆಯ ಮಣಿಕಟ್ಟು ಹಿಡಿದಳು. "ಬಾರಮ್ಮ. ಇಷ್ಟು ವರ್ಷ ಇದನ್ನ ಕಾಪಾಡಿದ್ದೀಯ. ಮುಟ್ಟಿ ನೋಡು."

ಮೇಡಂ ಬಾಯಿ ತೆರೆದರು. ಸಂಗ್ರಹಾಲಯದಲ್ಲಿ ಏನನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮಾಡಿದವಳೇ ಹೇಳುತ್ತಿರುವಾಗ ಬೇಡ ಅನ್ನುವುದು ಹೇಗೆ? ಬಾಯಿ ಮುಚ್ಚಿದರು.

ಬೆರಳೊತ್ತಿ ಮಾಡಿದ ಒಂದು ಗುಣಿಯೊಳಗೆ ಅಜ್ಜಿ ಅತ್ತೆಯ ಬೆರಳನ್ನು ಇಟ್ಟಳು. ಬೆರಳು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅತ್ತೆ ಅದನ್ನು ಕಣ್ಣಿಂದ ನೋಡಿದಳು. ಬೆರಳಿನಿಂದ ಒಂದು ಸುದ್ದಿಯೂ ಬರಲಿಲ್ಲ. ಇಷ್ಟು ದಿನ ಅವಳನ್ನು ಕಾಡಿದ್ದು ಸಿಕ್ಕಿಬೀಳುವ ಭಯ. ಅದು ಮೆಟ್ಟಿಲ ಮೇಲೆಯೇ ಮುಗಿದಿತ್ತು. ಈಗ ಬಂದದ್ದು ಬೇರೆ ಭಯ, ಅದಕ್ಕಿಂತ ದೊಡ್ಡದು. ಇನ್ನು ಮುಂದೆ ಏನನ್ನು ಮುಟ್ಟಿದರೂ ಹೀಗೆಯೇ. ಮುಂದೆ ಮೊಮ್ಮಗು ಹುಟ್ಟಿದರೆ ಅದರ ಕೆನ್ನೆಯೂ ಹೀಗೆಯೇ.

"ಹೇಗಿದೆ?" ಎಂದಳು ಅಜ್ಜಿ, ಅವಳ ಮುಖವನ್ನೇ ನೋಡುತ್ತ. ಒಂದು ಜೀವಮಾನ ಕಾದು ಕೇಳಿದ ಪ್ರಶ್ನೆ ಅದು. ಸುಳ್ಳು ಹೇಳೋಣವೆಂದರೆ ಅತ್ತೆಗೆ ಯಾವ ಸುಳ್ಳು ಎಂದು ತಿಳಿಯಲಿಲ್ಲ.

ಪಕ್ಕದಿಂದ ಇನ್ನೊಂದು ಕೈ ಬಂತು. ಸೊಸೆ ಪಕ್ಕದ ಗುಣಿಯೊಳಗೆ ತನ್ನ ಬೆರಳಿಟ್ಟಳು. ಅತ್ತೆಯ ಮುಖ ನೋಡಲಿಲ್ಲ. ಮೆಟ್ಟಿಲ ಮೇಲೆ ದಾರಿ ಹೇಳುವ ದನಿಯಲ್ಲಿ, ಅತ್ತೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು, "ತಣ್ಣಗಿದೆ ಅತ್ತೆ. ಅಂಚು ಒರಟು. ಒಳಗೆ ನುಣುಪು."

"ತಣ್ಣಗಿದೆಯಮ್ಮ" ಎಂದಳು ಅತ್ತೆ, ಅಜ್ಜಿಗೆ ಕೇಳಲೆಂದು ಗಂಟಲೆತ್ತಿ. "ಅಂಚು ಒರಟು. ಒಳಗೆ ನುಣುಪು."

"ಹೌದು" ಎಂದಳು ಅಜ್ಜಿ. "ಹಾಗೇ ಮಾಡಿದ್ದೆ."

ಅತ್ತೆ ಕೈ ತೆಗೆಯಲಿಲ್ಲ. ಬೆರಳನ್ನು ಕಣ್ಣಿಂದ ನೋಡಿಕೊಂಡೇ ಇನ್ನೊಂದು ಗುಣಿಗೆ ಸರಿಸಿ, ಸೊಸೆ ಏನು ಹೇಳುತ್ತಾಳೆಂದು ಕಾದಳು.